ಮುಖಂಡರ ನಿಲುವಂಗಿ, ದೊಕ್‌ಸುವಿನ ಮಣಿಕಟ್ಟು

ಮೂಳೆ ಮುರಿಯಲು ಒಂದು ಕ್ಷಣ ಸಾಕು. ಅದು ಹೇಗೆ ಮುರಿಯಿತೆಂದು ಹೇಳಲು ಮಾತ್ರ ಸ್ವಲ್ಪ ಹೊತ್ತು ಬೇಕಾಗುತ್ತದೆ. ನಮ್ಮ ಬೀದಿಯ ಲಾಂಡ್ರಿಯ ತಾಕ್ ದೊಕ್‌ಸುವಿಗೆ ಬೇಕಾದದ್ದು ಸುಮಾರು ನಾಲ್ಕು ನಿಮಿಷ. ಬಿದ್ದಲ್ಲಿಂದ ಎದ್ದು, ಮೈಮೇಲಿದ್ದದ್ದನ್ನು ಒಂದೇ ಕೈಯಲ್ಲಿ ಕಳಚಿ ಹ್ಯಾಂಗರಿಗೆ ಹಾಕಿ, ಅಡುಗೆಮನೆಯ ನಲ್ಲಿಯಲ್ಲಿ ಒಂದು ಖಾಲಿ ಬಾಟಲಿ ತುಂಬಿಸಿ, ಸಂತೆಗೆ ಹೋಗಿದ್ದ ಹೆಂಡತಿಗೆ ಫೋನ್ ಮಾಡುವಷ್ಟರಲ್ಲಿ ಅವನ ಕಥೆ ಸಿದ್ಧವಾಗಿತ್ತು.

ನಡೆದದ್ದು ಬಹಳ ಸಣ್ಣ ವಿಷಯ. ನಮ್ಮ ಬಡಾವಣೆಯ ಮುಖಂಡರಾದ ನಾಮ್‌ಗುಂಗ್ ಅವರು ತಮ್ಮ ರೇಷ್ಮೆಯ ದುರುಮಾಗಿಯನ್ನು, ಅಂದರೆ ಮೀನಖಂಡದವರೆಗೆ ಇಳಿಯುವ ಆ ನಿಲುವಂಗಿಯನ್ನು, ಮೇ ತಿಂಗಳ ಒಂದು ಮದುವೆ ಮುಗಿಸಿಕೊಂಡು ಒಗೆಯಲು ಕೊಟ್ಟವರು ಒಯ್ಯಲು ಮರೆತಿದ್ದರು. ಅದು ಒಂದು ತಿಂಗಳು ದೊಕ್‌ಸುವಿನ ಕಣ್ಣೆದುರು ತೂಗಾಡಿತು. ಮೂವತ್ತೊಂದು ವರ್ಷ ಬೇರೆಯವರ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿದ ಮನುಷ್ಯ. ತನ್ನದೆಂದು ಇರುವುದು ಎರಡು ಟ್ರ್ಯಾಕ್‌ಸೂಟ್. ಜೂನ್ ಕೊನೆಯ ಒಂದು ಮಧ್ಯಾಹ್ನ ಅಂಗಡಿಯ ಷಟರ್ ಎಳೆದು ಅದನ್ನು ತೊಟ್ಟೇಬಿಟ್ಟ. ಕನ್ನಡಿ ಎತ್ತರದಲ್ಲಿತ್ತು, ಸೊಂಟದ ಕೆಳಗೆ ಕಾಣಲಿಲ್ಲ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹತ್ತಿದ. ಎದುರಿಗೆ ಯಾರೋ ನಮಸ್ಕರಿಸಿದರೆಂದು ಭಾವಿಸಿಕೊಂಡು, ಕೈಗಳನ್ನು ಅಗಲ ತೋಳುಗಳೊಳಗೆ ಸೇರಿಸಿ, ವಂಶದ ಹಿರಿಯನಂತೆ ಗಂಭೀರವಾಗಿ ತಲೆ ಬಾಗಿಸಿದ. ಅಂಚು ಕಾಲಿಗೆ ಸಿಕ್ಕಿತು, ಸ್ಟೂಲು ಮಗುಚಿತು, ವಂಶದ ಹಿರಿಯ ಬಲಗೈ ಮಡಚಿಕೊಂಡು ಕೆಳಗೆ ಬಿದ್ದ.

ಗಿರಾಕಿಯ ಬಟ್ಟೆಯನ್ನು ತಾನು ತೊಟ್ಟ ಲಾಂಡ್ರಿಯವನಿಗೆ ನಮ್ಮ ಜೆಚೊನ್ ಊರಿನಲ್ಲಿ ಮಾರನೇ ದಿನ ಯಾರೂ ಕಾಲುಚೀಲವನ್ನೂ ಕೊಡುವುದಿಲ್ಲ. ಹೀಗಾಗಿ ಕಥೆ ಬೇಕಾಯಿತು. ನಾನು ಎದುರಿನ ಅಕ್ಕಿ ಕಡುಬಿನ ಅಂಗಡಿಯವನು. ಮುಚ್ಚಿದ ಷಟರಿನ ಹಿಂದಿನ ಈ ಸಂಗತಿ ನನಗೆ ಹೇಗೆ ತಿಳಿಯಿತೆಂಬುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಮೂಳೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅವನೆದುರು ಬಂದು ನಿಂತವರು ಬೇರೆ ಯಾರೂ ಅಲ್ಲ, ಮುಖಂಡರೇ. ಬಡಾವಣೆಯಲ್ಲಿ ಯಾರ ಎಲುಬು ಮುರಿದರೂ ಪ್ಲಾಸ್ಟರ್ ಒಣಗುವ ಮೊದಲು ಅವರು ಹಾಜರಿರುತ್ತಾರೆ.

"ಏನಾಯ್ತು ಲಾಂಡ್ರಿ ಯಜಮಾನ್ರೇ?"

ದೊಕ್‌ಸು ಮುಖಂಡರ ಮುಖ ನೋಡಲಿಲ್ಲ. "ಏನಿಲ್ಲ ಮುಖಂಡ್ರೇ. ಗುಡ್ಡದ ಒರತೆಗೆ ನೀರು ತರೋಕೆ ಹೋಗಿದ್ದೆ. ಮೆಟ್ಲಲ್ಲಿ ಯಾರೋ ಅಜ್ಜಿ ಜಾರಿದ್ರು. ಹಿಡ್ಕೊಂಡೆ. ಅಷ್ಟೇ."

ಆ 'ಅಷ್ಟೇ' ಎಂಬ ಮಾತೊಂದನ್ನು ಅವನು ನುಂಗಿಕೊಂಡಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಒಳ್ಳೆಯ ಕೆಲಸ ಮಾಡಿ 'ಅಷ್ಟೇ' ಎನ್ನುವವರನ್ನು ಹುಡುಕುತ್ತಾ ಮುಖಂಡರು ಹನ್ನೆರಡು ವರ್ಷ ಕಾದಿದ್ದರು.

"ಅಜ್ಜಿ ಯಾರು?"

"ಮುಖ ಸರಿಯಾಗಿ ನೋಡ್ಲಿಲ್ಲ. ನೇರಳೆ ಬಣ್ಣದ ಹೂವಿನ ಅಂಗಿ. ಬಿಸಿಲಿಗೆ ಅಗಲವಾದ ಟೋಪಿ."

ಈ ವರ್ಣನೆಗೆ ಹೊಂದದ ಅಜ್ಜಿ ನಮ್ಮ ಬಡಾವಣೆಯಲ್ಲಿ ಒಬ್ಬಳೂ ಇಲ್ಲ. ಮುಖಂಡರು ಮಾರನೇ ಬೆಳಿಗ್ಗೆ ಮೈಕಿನಲ್ಲಿ ಕೂಗಿಸಿದರು: ಒರತೆಯ ಮೆಟ್ಟಿಲ ಮೇಲೆ ಲಾಂಡ್ರಿಯವರ ಕೈಗೆ ಬಿದ್ದ ಅಜ್ಜಿ ದಯವಿಟ್ಟು ಮುಂದೆ ಬರಬೇಕು. ಹಿರಿಯರ ಭವನದಲ್ಲಿ ಅಂದು ಇಸ್ಪೀಟು ನಡೆಯಲಿಲ್ಲ. ನೀನಾ, ನಾನಾ ಎಂದು ಚರ್ಚೆಯಾಯಿತು. ಬಿದ್ದವಳು ತಾನಲ್ಲವೆಂದು ಒಬ್ಬೊಬ್ಬರೂ ಆಣೆ ಮಾಡಿದರು. ಬಿದ್ದೆ ಎಂದು ಒಪ್ಪಿಕೊಳ್ಳುವುದು ಆ ಭವನದಲ್ಲಿ ದೊಡ್ಡ ಅವಮಾನ. ದೊಕ್‌ಸುವಿಗೆ ನೆಮ್ಮದಿಯಾಯಿತು. ಇಲ್ಲದ ಅಜ್ಜಿ ಬರುವುದಾದರೂ ಎಲ್ಲಿಂದ?

ನಾಲ್ಕನೇ ದಿನ ಅಜ್ಜಿ ಬಂದಳು.

ಮೇಂಗ್ ಗಿಲ್‌ಸುನ್, ಎಪ್ಪತ್ತೆಂಟು ವರ್ಷ, ಬಿದಿರಿನ ಕೋಲಿನಂತೆ ನೆಟ್ಟಗಿನ ಹೆಂಗಸು. ಓಕ್ ಕಾಯಿಯ ಹಿಟ್ಟು ಕಾಯಿಸಿ ಹೆಪ್ಪುಗಟ್ಟಿಸಿದ ಮುಕ್ ಒಂದು ತಟ್ಟೆ ತುಂಬ ಹಿಡಿದಿದ್ದಳು. ಜೊತೆಗೆ ರೈಲು ಓಡಿಸುವ ಮಗ. ಅಂಗಡಿಯ ಬಾಗಿಲಲ್ಲೇ ಅವನು ಸೊಂಟ ಮುರಿಯುವಷ್ಟು ಬಾಗಿದ.

"ನಮ್ಮಮ್ಮನ್ನ ಉಳಿಸ್ಕೊಟ್ರಿ ಯಜಮಾನ್ರೇ. ಬೆನ್ನ ಮೇಲೆ ಇಷ್ಟಗಲ ನೀಲಿಗಟ್ಟಿದ್ದನ್ನ ನಾನೇ ನೋಡ್ದೆ. ನೀವು ಹಿಡೀದೆ ಇದ್ದಿದ್ರೆ ಏನು ಗತಿ!"

ದೊಕ್‌ಸು ಅಜ್ಜಿಯನ್ನು ನೋಡಿದ. ಜೀವಮಾನದಲ್ಲಿ ಕಂಡ ಮುಖವಲ್ಲ. ತಾನು ಹೇಳಿದ ಸುಳ್ಳೇ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತಾಗ ಮನುಷ್ಯ ಏನು ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಇವ್ರೇ," ಎಂದಳು ಅಜ್ಜಿ ಮಗನಿಗೆ. "ಇದೇ ಕೈ." ಅವಳು ತೋರಿಸಿದ್ದು ಎಡಗೈ.

"ಅಮ್ಮಾ, ಪ್ಲಾಸ್ಟರ್ ಆ ಕಡೆ ಇದೆ."

"ಎರಡೂ ಕೈಲಿ ಹಿಡಿದ್ರು ಕಣೋ. ಬೀಳ್ತಾ ಇರೋವಾಗ ಎಣಿಸ್ತಾ ಕೂರೋಕಾಗತ್ತಾ?"

ದೊಕ್‌ಸುವಿನ ಹೆಂಡತಿ ಮಿಜಾ ತಟ್ಟೆಯನ್ನು ಎರಡೂ ಕೈ ಚಾಚಿ ತೆಗೆದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಬಗ್ಗೆ ಅವಳು ಹೆಮ್ಮೆಪಟ್ಟದ್ದು ಅದೇ ಮೊದಲು. ಸತ್ಯ ಹೇಳಲು ಅದು ಒಳ್ಳೆಯ ಗಳಿಗೆಯಲ್ಲ. ದೊಕ್‌ಸು ಮುಕ್ ತಿಂದ.

ಆ ವಾರವೇ ಎರಡು ಲೈಟು ಕಂಬಗಳ ನಡುವೆ, ಲಾಂಡ್ರಿಯ ನೇರಕ್ಕೆ, ಬ್ಯಾನರ್ ಏರಿತು. 'ಅಭಿನಂದನೆಗಳು! ನಮ್ಮ ಬಡಾವಣೆಯ ಹೆಮ್ಮೆ, ಪರಪ್ರಾಣರಕ್ಷಕ ತಾಕ್ ದೊಕ್‌ಸು.' ಕೆಳಗೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ, ಮುಖಂಡ ನಾಮ್‌ಗುಂಗ್. ಮುಖಂಡರು ಅಂದೇ ತಮ್ಮ ನಿಲುವಂಗಿಯನ್ನೂ ಒಯ್ದರು. ಮಡಿಸುವಾಗ ಅಂಚಿನ ಮೇಲೆ ಬೆರಳಾಡಿಸಿ, "ಇಲ್ಲಿ ಹೊಲಿಗೆ ಬಿಟ್ಟಿತ್ತೇನೋ, ಹಾಕಿದೀರಿ. ಪಾಪ, ಒಂದೇ ಕೈಲಿ," ಎಂದರು. ದೊಕ್‌ಸು ಕೆಮ್ಮಿದ.

ಆರು ವಾರ ಕಳೆದು ಆಗಸ್ಟ್ ನಡುವಿಗೆ ಪ್ಲಾಸ್ಟರ್ ಬಿಚ್ಚಿದರು. ಒಳಗಿಂದ ಬಂದದ್ದು ದೊಕ್‌ಸುವಿನ ಕೈ ಎಂದು ನಂಬಲು ಸಾಕ್ಷಿ ಬೇಕಾಗಿತ್ತು. ಬಿಳಚಿಕೊಂಡು, ಸಣಕಲಾಗಿ, ಬೆರಳುಗಳು ಅರ್ಧ ಮಡಚಿ ಅಲ್ಲೇ ನಿಂತಿದ್ದವು. ಮೂಳೆ ಆಸ್ಪತ್ರೆಯವರು "ಕೂಡಿದೆ, ಹೋಗಿ" ಎಂದರು. ಮೂಳೆಯೇನೋ ಕೂಡಿತ್ತು. ಇಸ್ತ್ರಿ ಪೆಟ್ಟಿಗೆಯ ಹಿಡಿ ಮಾತ್ರ ಕೈಗೆ ಕೂಡಲಿಲ್ಲ. ಎತ್ತಿದರೆ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಸೆಳೆತ. ಪೆಟ್ಟಿಗೆ ಧಡ್ ಎಂದು ಕೆಳಗೆ.

ಇಷ್ಟರಲ್ಲಿ ಅಂಗಡಿಯಲ್ಲಿ ಇಸ್ತ್ರಿಗೆ ನಿಂತವನು ಮಿಜಾಳ ತಮ್ಮ ಚಾಂಗ್‌ಗಿ. ಅವನಿಗೆ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಪ್ಯಾಂಟಿಗೆ ಒಂದು ಗೆರೆ ಸಾಲದೆಂದು ಎರಡೆರಡು ಹಾಕುತ್ತಿದ್ದ. ಆ ತಿಂಗಳು ನಮ್ಮ ಬಡಾವಣೆಯ ಗಂಡಸರೆಲ್ಲ ಕಾಲ ಮೇಲೆ ರೈಲು ಹಳಿ ಎಳೆದುಕೊಂಡು ಓಡಾಡಿದರು. ಯಾರೂ ದೂರಲಿಲ್ಲ, ಮೇಲೆ ಬ್ಯಾನರ್ ಇತ್ತಲ್ಲ. ದೂರದೆ, ಸುಮ್ಮನೆ, ಹಿಂದಿನ ಬೀದಿಯ ಇನ್ನೊಂದು ಲಾಂಡ್ರಿಗೆ ಹೋಗತೊಡಗಿದರು.

ಮಿಜಾ ಗಂಡನನ್ನು ನಿಲ್ಲಿಸಿ ಹೇಳಿದಳು: "ನೋಡ್ರೀ, ಛುಸೊಕ್ ಹುಣ್ಣಿಮೆಗೆ ಇನ್ನು ಐದು ವಾರ. ಊರವರ ರೇಷ್ಮೆ ಬಟ್ಟೆಯೆಲ್ಲ ಬರೋ ಹೊತ್ತು. ಚಾಂಗ್‌ಗಿ ಕೈಗೆ ರೇಷ್ಮೆ ಕೊಟ್ರೆ ನಾವು ಊರು ಬಿಡ್ಬೇಕು. ಹಬ್ಬದೊಳಗೆ ನಿಮ್ಮ ಕೈ ಪೆಟ್ಟಿಗೆ ಹಿಡೀಬೇಕು. ಇಲ್ಲಾಂದ್ರೆ ಅಂಗಡಿ ಮುಚ್ಚಿ ಇಬ್ರೂ ಬ್ಯಾನರ್ ಕೆಳಗೆ ಕೂರೋಣ."

"ಹೇಗಾದ್ರೂ ಆಗತ್ತೆ ಬಿಡೇ."

"ಹೇಗಾದ್ರೂ ಅಲ್ಲ. ನಾಳೆಯಿಂದ ಯೊಮ್ ಡಾಕ್ಟರಮ್ಮನ ಹತ್ರ."

ಯೊಮ್ ಡಾಕ್ಟರಮ್ಮ ಮೂರು ತಲೆಮಾರಿನ ಮೂಲಿಕೆ ವೈದ್ಯರ ಮನೆಯವರು. ಔಷಧಿ ಸಂತೆಯ ಪಕ್ಕದಲ್ಲಿ ಅವರ ಚಿಕಿತ್ಸಾಲಯ. ಬಾಗಿಲಲ್ಲೇ ಜ್ಯೇಷ್ಠಮಧು, ಚಕ್ಕೆ, ಸುಟ್ಟ ಮಾಚಿಪತ್ರೆಯ ವಾಸನೆ ಮೂಗಿಗೆ ಅಡರುತ್ತದೆ. ಒಳಗೆ ಬಿಸಿ ಮಾಡಿದ ಮೂರು ಹಾಸಿಗೆಗಳು, ನಡುವೆ ಎರಡು ಪರದೆ. ಪರದೆ ಇರುವುದು ಕಣ್ಣಿಗೆ. ಕಿವಿಗೆ ಯಾವ ಏರ್ಪಾಡೂ ಇಲ್ಲ. ಸೂಜಿ ಚುಚ್ಚಿ, ಶಾಖ ಕೊಡುವ ಕೆಂಪು ದೀಪದ ಗಡಿಯಾರ ತಿರುಗಿಸಿ, ಹದಿನೈದು ನಿಮಿಷ ಅಲ್ಲಾಡಬೇಡಿ ಎಂದು ಹೋಗಿಬಿಡುತ್ತಾರೆ. ಅಲ್ಲಾಡದೆ ಮಲಗಿದವನಿಗೆ ಪಕ್ಕದವನ ಮಾತು ಕೇಳುವುದು ಬಿಟ್ಟು ಇನ್ನೇನು ಕೆಲಸ? ನಮ್ಮ ಬಡಾವಣೆಯ ಸುದ್ದಿಯೆಲ್ಲ ಹುಟ್ಟುವುದು ಅಲ್ಲೇ.

ಡಾಕ್ಟರಮ್ಮ ಮೂರು ಬೆರಳಿಟ್ಟು ನಾಡಿ ನೋಡಿದರು. ಅವರು ಯಾರ ಮಾತನ್ನೂ ಅಲ್ಲಗಳೆಯುವವರಲ್ಲ, ಒಪ್ಪುವವರೂ ಅಲ್ಲ.

"ಹೇಗೆ ಬಿದ್ರಿ?"

"ನಾನು ಬೀಳ್ಲಿಲ್ಲ ಡಾಕ್ಟರಮ್ಮ. ಅಜ್ಜಿ ಬಿದ್ರು."

"ಅಜ್ಜಿ ಬಿದ್ರು, ಮುರಿದಿದ್ದು ನಿಮ್ಮ ಕೈ. ಭಾರ ಬಂದಿದ್ದು ಅಂಗೈ ಮೇಲೋ, ಹಿಂಗೈ ಮೇಲೋ?"

ಅಜ್ಜಿಯನ್ನು ಯಾರೂ ಹಿಂಗೈಯಲ್ಲಿ ಹಿಡಿಯುವುದಿಲ್ಲವೆಂದು ದೊಕ್‌ಸುವಿಗೆ ಹೊಳೆಯಿತು. "ಅಂಗೈ ಮೇಲೆ."

"ಮೂಳೆ ಚಿತ್ರ ನೋಡಿದ್ರೆ ಕೈ ಒಳಕ್ಕೆ ಮಡಚಿ ಬಿದ್ದ ಹಂಗಿದೆ. ನಾನು ಸೂಜಿ ಹಾಕೋದು, ನೀವು ವಾಸಿಯಾಗೋದು ಎರಡೂ ಅದರ ಮೇಲೇ ನಿಂತಿದೆ. ಯಾವ ಕಡೆ ನರ ಎಳೆದಿದೆಯೋ ಅದಕ್ಕೆ ಎದುರು ಕಡೆ ಸಡಿಲ ಮಾಡ್ಬೇಕು. ಉಲ್ಟಾ ಮಾಡಿದ್ರೆ ಇನ್ನೂ ಬಿಗಿಯತ್ತೆ."

ಪಕ್ಕದ ಪರದೆಯಾಚೆ ಯಾರೋ ಹೊರಳಿದರು. ದೊಕ್‌ಸು ಗಟ್ಟಿಯಾಗಿ ಹೇಳಿದ: "ಅಂಗೈ ಮೇಲೇ. ಅಜ್ಜಿ ಸ್ವಲ್ಪ ಬೇರೆ ಥರ ಬಿದ್ರು."

"ಹಂಗೂ ಇರಬಹುದು," ಎಂದರು ಡಾಕ್ಟರಮ್ಮ. ಅವನ ಮಾತಿನ ಪ್ರಕಾರವೇ ಸೂಜಿಗಳು ಇಳಿದವು.

ವಾರಕ್ಕೆ ಮೂರು ಸಲ ಸುಳ್ಳಿಗೆ ಚಿಕಿತ್ಸೆ ನಡೆಯಿತು. ಸುಳ್ಳು ದಿನೇದಿನೇ ಗಟ್ಟಿಮುಟ್ಟಾಯಿತು, ಕೈ ಮಾತ್ರ ಮರದ ಸೌಟಿನಂತೆಯೇ ಉಳಿಯಿತು. "ಇಷ್ಟು ಬಿಗಿ ಇರಬಾರದಿತ್ತು. ಅಜ್ಜಿ ತೂಕ ಎಷ್ಟಿರಬಹುದು?" ಎಂದು ಡಾಕ್ಟರಮ್ಮ ಕೇಳಿದರೆ, ಅಜ್ಜಿಯ ಬೆನ್ನ ಮೇಲೆ ಇಪ್ಪತ್ತು ಲೀಟರಿನ ನೀರಿನ ಡಬ್ಬವಿತ್ತೆಂದು ದೊಕ್‌ಸು ಹೇಳಿದ. "ಆದ್ರೂ ಕೈ ಒಳಕ್ಕೆ ತಿರುಗೋದಿಲ್ಲವಲ್ಲ?" ಎಂದರೆ, ಅಜ್ಜಿ ಬೀಳುತ್ತಾ ಅರ್ಧ ಸುತ್ತು ತಿರುಗಿದಳೆಂದ. ಐದನೇ ಸಲ ಬೇರೆ ದಾರಿ ಕಾಣದೆ ಒಂದು ನಾಯಿಯನ್ನು ತಂದ.

"ನಾಯಿನೂ ಇತ್ತಾ?" ಪರದೆಯಾಚೆಯಿಂದ ಧ್ವನಿ ಬಂತು. ಮುಖಂಡರದು, ಸೊಂಟನೋವಿಗೆಂದು ಬೆನ್ನಿಗೆ ಗಾಜಿನ ಬಟ್ಟಲು ಕಚ್ಚಿಸಿಕೊಂಡು ಬೋರಲು ಮಲಗಿದ್ದರು.

"ಚಿಕ್ಕ ನಾಯಿ," ಎಂದ ದೊಕ್‌ಸು ಸಣ್ಣ ಧ್ವನಿಯಲ್ಲಿ.

"ಅದಕ್ಕೇನಾಯ್ತು?"

"ಏನೂ ಆಗ್ಲಿಲ್ಲ."

"ಅದನ್ನೂ ಹಿಡಿದ್ರಿ! ಎಂಥ ಮನುಷ್ಯ ರೀ ನೀವು! ಎರಡು ತಿಂಗಳಿಂದ ಬಾಯೇ ಬಿಡ್ಲಿಲ್ಲ!" ಮುಖಂಡರ ಬೆನ್ನಿನ ಬಟ್ಟಲುಗಳು ಸಂತೋಷದಿಂದ ಒಂದಕ್ಕೊಂದು ತಾಗಿದ ಸದ್ದು ಕೇಳಿಸಿತು. "ಹಬ್ಬದ ಹಿಂದಿನ ಶನಿವಾರ ವಾರ್ಡ್ ಆಫೀಸಲ್ಲಿ ನಿಮಗೆ ಪ್ರಶಸ್ತಿ ಪತ್ರ. ಫೋಟೋ ತೆಗೀತಾರೆ. ಟ್ರ್ಯಾಕ್‌ಸೂಟಲ್ಲಿ ಬರಬೇಡಿ, ಮರ್ಯಾದೆ ಇರಲ್ಲ. ನನ್ನ ರೇಷ್ಮೆ ದುರುಮಾಗಿ ಇದೆಯಲ್ಲ, ಅದನ್ನ ಹಾಕ್ಕೊಳ್ಳಿ."

ಅಲ್ಲಾಡಬಾರದೆಂಬುದನ್ನು ಮರೆತು ದೊಕ್‌ಸು ಕೈಯಲ್ಲಿದ್ದ ಏಳು ಸೂಜಿಗಳ ಸಮೇತ ಎದ್ದು ಕೂತ.

"ಬೇಡ ಮುಖಂಡ್ರೇ! ನನಗೆ... ನನಗೆ ಸರಿಹೋಗಲ್ಲ."

"ಹಾಕ್ಕೊಳ್ಳದೇ ಹೇಗೆ ಗೊತ್ತು?"

ಇದಕ್ಕೆ ಉತ್ತರವಿತ್ತು, ಹೇಳುವಂತಿರಲಿಲ್ಲ.

ಸೆಪ್ಟೆಂಬರ್ ಬಂತು. ಹಬ್ಬಕ್ಕೆ ಮೂರು ವಾರ. ಚಾಂಗ್‌ಗಿ ಒಬ್ಬ ಮದುಮಗಳ ರವಿಕೆಯ ತೋಳಿಗೂ ಗೆರೆ ಎಳೆದ ದಿನ ಮಿಜಾ ಅಂಗಡಿಯ ಹಿಂದೆ ಕೂತು ಸದ್ದಿಲ್ಲದೆ ಅತ್ತಳು. ದೊಕ್‌ಸು ಅದನ್ನು ನೋಡಿದ. ಚಾಪ್‌ಸ್ಟಿಕ್ ಹಿಡಿಯಲಾಗದೆ ಚಮಚದಲ್ಲಿ ಉಣ್ಣುತ್ತಿದ್ದ ಕೈಯನ್ನು ನೋಡಿಕೊಂಡ. ಮರುದಿನ ಮಧ್ಯಾಹ್ನ, ಊಟದ ಹೊತ್ತು, ಚಿಕಿತ್ಸಾಲಯದಲ್ಲಿ ಜನ ಇರುವುದಿಲ್ಲವೆಂದು ಲೆಕ್ಕ ಹಾಕಿ ಹೋದ. ಮೊದಲನೇ ಹಾಸಿಗೆಯಲ್ಲಿ ಕೂತು ಪರದೆ ಎಳೆದು, ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿದ.

"ಡಾಕ್ಟರಮ್ಮ, ಅಜ್ಜಿ ಇರ್ಲಿಲ್ಲ."

"ನಾಯಿ?"

"ನಾಯಿನೂ ಇರ್ಲಿಲ್ಲ. ಗುಡ್ಡಕ್ಕೇ ಹೋಗಿರ್ಲಿಲ್ಲ. ನಾನು ಗುಡ್ಡ ಹತ್ತಿ ನಾಲ್ಕು ವರ್ಷ ಆಯ್ತು."

ಆಮೇಲೆ ಎಲ್ಲವನ್ನೂ ಹೇಳಿದ: ಷಟರ್, ಕನ್ನಡಿ, ಸ್ಟೂಲು, ನಿಲುವಂಗಿ. ಹೇಳಿದ್ದು ಸಾಲದೆಂದು ಹಾಸಿಗೆಯ ಚಾದರವನ್ನೇ ಹೊದ್ದು, ಕೈಗಳನ್ನು ಒಳಗೆ ಸೇರಿಸಿ, ವಂಶದ ಹಿರಿಯ ಹೇಗೆ ತಲೆ ಬಾಗಿಸಿದನೆಂದು ಮಾಡಿ ತೋರಿಸಿದ. ಡಾಕ್ಟರಮ್ಮ ನಗಲಿಲ್ಲ. ಅವನ ಮಡಚಿದ ಮಣಿಕಟ್ಟನ್ನು ಹಾಗೆಯೇ ಹಿಡಿದು, ಅಲ್ಲಿ ಇಲ್ಲಿ ಒತ್ತಿ, ಒಂದು ಕಡೆ ಹೆಬ್ಬೆರಳೂರಿದರು. ದೊಕ್‌ಸು ಚೀರಿದ.

"ಇಲ್ಲಿದೆ ನೋಡಿ. ಎರಡು ವಾರದಿಂದ ಇದರ ಬೆನ್ನ ಹಿಂದೆ ಚುಚ್ಚಿದೀನಿ."

ಆಗ ಎರಡನೇ ಹಾಸಿಗೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಪರದೆ ಸರಿಯಿತು. ಅದನ್ನು ಸರಿಸಿದ ಕೈಯಲ್ಲಿ ಮೂರು ಸೂಜಿಗಳಿದ್ದವು. ಮೇಂಗ್ ಗಿಲ್‌ಸುನ್ ಅಜ್ಜಿ ದಿಂಬಿನ ಮೇಲೆ ತಲೆಯಿಟ್ಟು ಅವನನ್ನು ನೋಡುತ್ತಿದ್ದಳು.

ದೊಕ್‌ಸು ಚಾದರ ಹೊದ್ದೇ ಮಂಡಿಯೂರಿದ. "ಅಜ್ಜಿ, ತಪ್ಪಾಯ್ತು. ನಾನು ನಿಮ್ಮನ್ನ ಹಿಡೀಲಿಲ್ಲ."

"ಅದು ನಂಗೊತ್ತಿಲ್ವಾ? ಬಿದ್ದೋಳು ನಾನು."

"ಮತ್ತೆ... ಮುಕ್ ತಂದ್ರಲ್ಲ?"

"ತರ್ದೆ ಏನ್ಮಾಡ್ಲಿ? ನೀವು ಹಿಡಿದ್ರಿ ಅಂದ ದಿನದ ಹಿಂದಿನ ದಿನ ನಾನು ಮೆಟ್ಲಲ್ಲಿ ಜಾರಿ ಬಿದ್ದೆ. ಒಬ್ಳೇ. ನಾನೇ ಎದ್ದು ಬಂದೆ. ಸೊಸೆ ಬೆನ್ನುಜ್ಜೋವಾಗ ನೋಡಿಬಿಟ್ಳು, ಮಗನಿಗೆ ಹೇಳಿದ್ಲು. ಅವನು ಇನ್ನು ಗುಡ್ಡಕ್ಕೆ ಕಾಲಿಡಂಗಿಲ್ಲ ಅಂದ. ಐವತ್ತು ವರ್ಷದಿಂದ ಬೆಳಿಗ್ಗೆ ಆ ನೀರು ಕುಡಿದು, ಮೈ ಸಡಿಲಾಗ್ಲಿ ಅಂತ ಆ ಪೈನ್ ಮರಕ್ಕೆ ಬೆನ್ನು ಬಡಿದು ಬರೋಳು ನಾನು. ಮನೇಲಿ ಕೂತ್ರೆ ಮೂರೇ ತಿಂಗ್ಳಲ್ಲಿ ಹೋಗಿಬಿಡ್ತೀನಿ. ಅಷ್ಟರಲ್ಲಿ ಮೈಕಲ್ಲಿ ಕೂಗಿದ್ರು. ನೋಡೋ, ಬಿದ್ರೆ ಹಿಡಿಯೋರು ಇದ್ದಾರೆ ಅಲ್ಲಿ, ಅಂದೆ ಮಗನಿಗೆ."

"ಅಂದ್ರೆ ನಾನು ನಿಜ ಹೇಳಿಬಿಟ್ರೆ..."

"ನನ್ನ ಗುಡ್ಡ ಹೋಯ್ತು. ಹೇಳ್ತೀರಾ?"

ದೊಕ್‌ಸು ಡಾಕ್ಟರಮ್ಮನ ಕಡೆ ನೋಡಿದ. ಅವರು ಸೂಜಿ ಒರೆಸುತ್ತಿದ್ದರು.

"ಕೈಗೆ ಬೇಕಿದ್ದ ನಿಜ ನಂಗೆ ಸಿಕ್ತು," ಎಂದರು. "ಬ್ಯಾನರಿಗೆ ನಾನು ಔಷಧಿ ಕೊಡಲ್ಲ."

ಅಜ್ಜಿ ತಲೆಯೆತ್ತಿದಳು. "ಮೂರನೇ ಹಾಸಿಗೇಲಿ ಯಾರಿದ್ದಾರೆ?"

ಮೂರನೇ ಹಾಸಿಗೆಯಲ್ಲಿದ್ದವನು ನಾನು. ಮೊಣಕಾಲಿಗೆ ಹನ್ನೊಂದು ಸೂಜಿ ಚುಚ್ಚಿಸಿಕೊಂಡು, ಉಸಿರು ಬಿಗಿಹಿಡಿದು, ಜೀವಮಾನದಲ್ಲೇ ಅಷ್ಟು ಅಲ್ಲಾಡದೆ ಮಲಗಿದ್ದೆ. ನನಗೆ ತೋಚಿದ ಒಂದೇ ಉಪಾಯವೆಂದರೆ ಗೊರಕೆ. ಹೊಡೆದೆ. ಡಾಕ್ಟರಮ್ಮ "ನಿದ್ದೆ ಮಾಡ್ತಿದಾರೆ" ಎಂದರು, ನನ್ನ ದೀಪವನ್ನು ಇನ್ನೈದು ನಿಮಿಷ ಜಾಸ್ತಿ ತಿರುಗಿಸಿ ಹೋದರು.

ಅಂದಿನಿಂದ ಸೂಜಿಗಳು ಸರಿಯಾದ ಕಡೆ ಇಳಿದವು. ಅವುಗಳ ತಲೆಯ ಮೇಲೆ ಮಾಚಿಪತ್ರೆಯ ಸಣ್ಣ ಉಂಡೆ ಹೊತ್ತಿಸಿ ಬಿಸಿ ಕೊಟ್ಟರು. ಕಪ್ಪು ಕಷಾಯದ ಪೊಟ್ಟಣಗಳು ಬಂದವು. ದೊಕ್‌ಸು ಮೂಗು ಹಿಡಿದು ಕುಡಿದ. ಇದಲ್ಲದೆ ಡಾಕ್ಟರಮ್ಮ ಇನ್ನೊಂದು ವಿಧಿಸಿದರು: ದಿನಾ ಬೆಳಿಗ್ಗೆ ಅರ್ಧ ಗಂಟೆ ಬೆಚ್ಚಗಿನ ಅಕ್ಕಿ ಹಿಟ್ಟು ನಾದಬೇಕು. ಹೀಗೆ ಅವನು ನನ್ನ ಅಂಗಡಿಗೆ ಬಂದ. ಹಬೆಯಾಡುವ ಹಿಟ್ಟನ್ನು ಅವನ ಮುಂದೆ ಇಡುತ್ತಿದ್ದೆ. ಮೊದಲ ದಿನ ಬೆರಳು ಹಿಟ್ಟಿನೊಳಗೆ ಇಳಿಯಲೂ ಇಲ್ಲ. ನಾಲ್ಕನೇ ದಿನ ಗುಳಿ ಬಿತ್ತು. ಎಂಟನೇ ದಿನ ಹಬ್ಬದ ಅರ್ಧಚಂದ್ರ ಕಡುಬೊಂದನ್ನು ಮಾಡಿ ಎತ್ತಿ ತೋರಿಸಿದ. ಅದು ಅರ್ಧಚಂದ್ರಕ್ಕಿಂತ ಕಿವಿಯ ಹಾಗೆ ಕಾಣುತ್ತಿತ್ತು, ಆದರೂ ನಾನು ಹೊಗಳಿದೆ.

"ಬೆಚ್ಚಗೆ ಹಾಯಾಗಿದೆ ಕಣಣ್ಣ," ಎಂದ ಅವನು. "ನೋವು ಬೇರೆ ಯಾರದ್ದೋ ಅನ್ಸತ್ತೆ. ಆದ್ರೆ ಗಟ್ಟಿ ಹಿಡಿಯೋಕೆ ಕೈಗೇ ಧೈರ್ಯ ಇಲ್ಲ. ಪೆಟ್ಟಿಗೆ ಮುಟ್ಟಿದ್ರೆ ತಾನಾಗೇ ಬಿಟ್ಟುಬಿಡತ್ತೆ."

ನನಗೇನೂ ತಿಳಿಯದೆಂಬ ಮುಖ ಮಾಡಿಕೊಂಡು, "ಅಜ್ಜಿ, ನಾಯಿ, ನೀರಿನ ಡಬ್ಬ, ಮೂರನ್ನೂ ಹಿಡಿದ ಕೈ ಅಲ್ವಾ, ಸುಸ್ತಾಗಿರತ್ತೆ," ಎಂದೆ. ಅವನು ಹಿಟ್ಟನ್ನು ಜೋರಾಗಿ ಗುದ್ದಿದ. ಅದೂ ಚಿಕಿತ್ಸೆಗೆ ಒಳ್ಳೆಯದೇ.

ಶನಿವಾರ ವಾರ್ಡ್ ಆಫೀಸಿನಲ್ಲಿ ಮುಖಂಡರು ತಾವೇ ನಿಂತು ಅವನಿಗೆ ನಿಲುವಂಗಿ ತೊಡಿಸಿದರು. ಭುಜ, ತೋಳು, ಉದ್ದ, ಎಲ್ಲವೂ ಅಚ್ಚುಕಟ್ಟಾಗಿ ಕೂತಿತು.

"ನೋಡಿ! ನಿಮಗೇ ಹೊಲಿಸಿದ ಹಾಗಿದೆ! ಮೊದಲೇ ಹಾಕ್ಕೊಂಡು ರೂಢಿ ಇರೋರ ಥರ ಕಾಣ್ತೀರಿ!"

ದೊಕ್‌ಸು ಬೆವತ. ಕೊನೆಗೂ ಅವನು ಜನರೆದುರು ರೇಷ್ಮೆ ತೊಟ್ಟು ನಿಂತಿದ್ದ, ನೂರಾರು ಜನ ಅವನಿಗೆ ತಲೆ ಬಾಗಿಸುತ್ತಿದ್ದರು, ಅವನಿಗೆ ಮಾತ್ರ ಅಂಚೆಲ್ಲಿದೆ, ಕಾಲೆಲ್ಲಿದೆ ಎಂಬುದೇ ಚಿಂತೆ. ಎತ್ತರಕ್ಕೆ ಕಾಣಲೆಂದು ಫೋಟೋದವನು ಒಂದು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟ. ದೊಕ್‌ಸು ಅದನ್ನು ನೋಡಿದ ನೋಟಕ್ಕೆ ಅವನು ಮರುಮಾತಿಲ್ಲದೆ ತೆಗೆದುಕೊಂಡು ಹೋದ.

ಆಮೇಲೆ ಅಜ್ಜಿಯ ರೈಲು ಓಡಿಸುವ ಮಗ ಮೈಕ್ ಹಿಡಿದ. "ಇಂಥವರು ಇರೋವಾಗ ನನಗೆ ಭಯ ಇಲ್ಲ. ಇನ್ಮೇಲೆ ನಮ್ಮಮ್ಮ ದಿನಾ ಗುಡ್ಡಕ್ಕೆ ಹೋಗಲಿ. ಒಂದೇ ಮಾತು, ತಾಕ್ ಯಜಮಾನ್ರ ಜೊತೆಗೇ ಹೋಗ್ಬೇಕು. ಒಪ್ತೀರಿ ತಾನೆ?"

ಚಪ್ಪಾಳೆ. ದೊಕ್‌ಸು ಅಜ್ಜಿಯನ್ನು ನೋಡಿದ. ಅಜ್ಜಿ ಸೀಲಿಂಗ್ ನೋಡಿದಳು.

ಭಾನುವಾರದಿಂದ ಇಬ್ಬರೂ ಹೊರಟರು. ಎಪ್ಪತ್ತೆಂಟರ ಅಜ್ಜಿ ಮುಂದೆ, ಅರವತ್ತರ ರಕ್ಷಕ ಏದುಸಿರು ಬಿಡುತ್ತಾ ಹಿಂದೆ. "ಬೇಗ ಬನ್ನಿ, ಕೋಳಿ ಕೂಗಿ ಎಷ್ಟೊತ್ತಾಯ್ತು," ಎಂದು ಅವಳು ಪ್ರತಿ ತಿರುವಿನಲ್ಲೂ ನಿಂತು ಕಾಯಬೇಕಾಗುತ್ತಿತ್ತು. ಒರತೆಯ ಬಳಿ ಪೈನ್ ಮರಗಳಿಗೆ ಬೆನ್ನು ಬಡಿದುಕೊಳ್ಳುತ್ತಿದ್ದ ಜನರೆಲ್ಲ ನಿಲ್ಲಿಸಿ ಅವನಿಗೆ ನಮಸ್ಕರಿಸುತ್ತಿದ್ದರು. ಪ್ರತಿನಮಸ್ಕಾರಕ್ಕೆ ಅವನಲ್ಲಿ ಉಸಿರಿರುತ್ತಿರಲಿಲ್ಲ.

ಹಬ್ಬಕ್ಕೆ ಎರಡು ದಿನವಿತ್ತು. ಆ ಬೆಳಿಗ್ಗೆ ಮಂಜು, ಮೆಟ್ಟಿಲ ಮೇಲೆ ಒದ್ದೆ ಎಲೆ. ಇಳಿಯುವಾಗ, ಅಜ್ಜಿ ಒಂದು ಮೆಟ್ಟಿಲು ಕೆಳಗಿದ್ದಾಗ, ದೊಕ್‌ಸುವಿನ ಕಾಲು ಜಾರಿತು. ಈ ಸಲ ನಿಲುವಂಗಿ ಇರಲಿಲ್ಲ, ಸ್ಟೂಲು ಇರಲಿಲ್ಲ, ಕೆಳಗೆ ಮೂವತ್ತು ಕಲ್ಲಿನ ಮೆಟ್ಟಿಲುಗಳಿದ್ದವು. ಕೂಗಲೂ ಆಗಲಿಲ್ಲ. ಬಲಗೈ ಗಾಳಿಯಲ್ಲಿ ಚಾಚಿತು.

ಅಜ್ಜಿ ಹಿಂತಿರುಗಿ ಅದನ್ನು ಹಿಡಿದಳು. ಒಂದು ಕೈ ಮೆಟ್ಟಿಲ ಪಕ್ಕದ ಕಂಬಿಗೆ, ಒಂದು ಕೈ ಅವನಿಗೆ. ಬಿದಿರಿನ ಕೋಲು ಬಾಗಿತು, ಮುರಿಯಲಿಲ್ಲ. ದೊಕ್‌ಸು ಅವಳ ತೋಳಿಗೆ ಜೋತುಬಿದ್ದು, ಎರಡು ಮೆಟ್ಟಿಲು ಜಾರಿ, ನಿಂತ.



"ಹಿಡ್ಕೊಂಡ್ರಲ್ಲ ಅಜ್ಜಿ," ಎಂದ ಅವನು ಉಸಿರು ಸಿಕ್ಕ ಮೇಲೆ.

"ನೀವೂ ಹಿಡ್ಕೊಂಡಿದೀರಿ. ಬಿಡಿ ಸ್ವಲ್ಪ, ನನ್ನ ಕೈ ಮುರಿಯತ್ತೆ."

ಅವನು ಕೆಳಗೆ ನೋಡಿದ. ತನ್ನ ಐದೂ ಬೆರಳು ಅವಳ ಮಣಿಕಟ್ಟಿನ ಸುತ್ತ ಪೂರ್ತಿ ಮಡಚಿ ಬಿಗಿದುಕೊಂಡಿದ್ದವು. ಬಿಚ್ಚಿದ. ಮತ್ತೆ ಮಡಚಿದ. ಇನ್ನೊಮ್ಮೆ ಬಿಚ್ಚಿದ. ನೋವಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಗಂಡಸು ಹಾಗೆ ಅಳಬಾರದು, ಆದರೂ ಅತ್ತ. ಅಜ್ಜಿ ಬಾಟಲಿ ತೆರೆದು ಅವನಿಗೆ ನೀರು ಕುಡಿಸಿದಳು.

ಅಷ್ಟು ಹೊತ್ತಿಗೆ ಮೇಲಿನಿಂದ ನಾಲ್ಕು ಜನ ಓಡಿ ಬಂದರು. ದೊಕ್‌ಸು ಎದ್ದು ನಿಂತ. ಮೂರು ತಿಂಗಳಿಂದ ಹೊತ್ತು ತಿರುಗಿದ್ದನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ಅವನಿಗೆ ಅನ್ನಿಸಿತು. ಅಜ್ಜಿಯ ಗುಡ್ಡಕ್ಕೂ ಇದರಿಂದ ತೊಂದರೆಯಿಲ್ಲ, ಬದಲಿಗೆ ಅವಳ ಗಟ್ಟಿತನ ಊರಿಗೇ ತಿಳಿಯುತ್ತದೆ.

"ಕೇಳಿ," ಎಂದ ಗಟ್ಟಿಯಾಗಿ. "ಜಾರಿದ್ದು ನಾನು. ಹಿಡಿದಿದ್ದು ಅಜ್ಜಿ. ಇವತ್ತು ನನ್ನ ಜೀವ ಉಳಿಸಿದ್ದು ಇವರು."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂಥ ವಿನಯ!" ಎಂದ ಒಬ್ಬ.

"ಅಜ್ಜಿಗೆ ಬೇಜಾರಾಗಬಾರದು ಅಂತ ಹೇಗೆ ತಿರುಗಿಸಿ ಹೇಳ್ತಿದಾರೆ ನೋಡಿ," ಎಂದ ಇನ್ನೊಬ್ಬ.

"ಅಲ್ಲ ರೀ, ನಿಜವಾಗ್ಲೂ ನಾನೇ—"

"ಆಯ್ತು ಯಜಮಾನ್ರೇ, ಆಯ್ತು. ಕಣ್ಣಲ್ಲಿ ನೀರು ಬೇರೆ! ಕೈಗೇನೂ ಆಗ್ಲಿಲ್ಲ ತಾನೆ?"

ಅವನು ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ನೀವಾದ್ರೂ ಹೇಳಿ!"

ಅಜ್ಜಿ ಹೇಳಿದಳು: "ಹೌದು, ನಾನೇ ಹಿಡಿದೆ." ಎಲ್ಲರೂ ಪ್ರೀತಿಯಿಂದ ನಕ್ಕರು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಮಿಜಾ ಕಣ್ಣೊರೆಸಿಕೊಂಡು, "ಹೊರಗೆ ಹಂಗೇ ಹೇಳಿ, ನನ್ನ ಹತ್ರನೂ ಯಾಕ್ರೀ?" ಎಂದಳು. ನನ್ನ ಅಂಗಡಿಗೆ ಬಂದು ಹೇಳಿದ. ನಾನೊಬ್ಬ ನಂಬಿದೆ. ಆದರೆ ನಂಬಿದೆನೆಂದು ಹೇಳಲು ನನಗೆ ಹೇಗೆ ಸಾಧ್ಯ? ನಿದ್ದೆಯಲ್ಲಿದ್ದವನು ನಾನು. "ನಿನ್ನಂಥೋರು ಅಪರೂಪ ಕಣಪ್ಪ," ಎಂದು ಹಿಟ್ಟು ಮುಂದಿಟ್ಟೆ. ಹಿಟ್ಟು ಬೇಡವೆಂದು ಅವನು ತನ್ನ ಅಂಗಡಿಗೆ ಹೋಗಿ ಚಾಂಗ್‌ಗಿಯನ್ನು ಪಕ್ಕಕ್ಕೆ ಸರಿಸಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿದ. ಅದು ಕೈಯಲ್ಲೇ ನಿಂತಿತು. ಆ ಎರಡು ದಿನ ಊರಿನ ರೇಷ್ಮೆಯೆಲ್ಲ ಆ ಕೈಯಡಿ ಹಾದುಹೋಯಿತು, ಹಿಂದಿನ ಬೀದಿಗೆ ಹೋಗಿದ್ದವರದೂ ಸೇರಿ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮುಖಂಡರು ಒಂದು ದೊಡ್ಡ ಗಂಟು ಹೊತ್ತು ಲಾಂಡ್ರಿಗೆ ಬಂದರು. ಅಚ್ಚಿನವನು ಅವಸರದಲ್ಲಿ ಮುದುರಿ ಕೊಟ್ಟಿದ್ದನಂತೆ, ಸಂಜೆಯೊಳಗೆ ಕಂಬಕ್ಕೆ ಏರಬೇಕು. ದೊಕ್‌ಸು ಬಿಡಿಸಿ ಮೇಜಿನ ಮೇಲೆ ಹರಡಿದ. 'ಅಭಿನಂದನೆಗಳು! ಎರಡನೇ ಬಾರಿ!' ಎಂದಿತ್ತು. ಮೇಲೊಂದು ತೆಳು ಬಟ್ಟೆ ಹಾಸಿ, ನೀರು ಚಿಮುಕಿಸಿ, ಈ ತುದಿಯಿಂದ ಆ ತುದಿಯವರೆಗೆ ತಾನೇ ಕೈಯಾರೆ ಇಸ್ತ್ರಿ ಮಾಡಿದ. ಎಲ್ಲೂ ಒಂದು ಸುಕ್ಕು ಉಳಿಯಲಿಲ್ಲ.